2024ರ ಲೋಕಸಭಾ ಚುನಾವಣೆ ವೇಳೆಗೆ ಪುಣೆಗೆ 13 ತಿಂಗಳಿಂದ ಸಂಸದರೇ ಇರಲಿಲ್ಲ! ಉಪಚುನಾವಣೆ ಯಾಕೆ ನಡೆಯಲಿಲ್ಲ? ಕಾನೂನು ಏನು ಹೇಳುತ್ತದೆ?

ಪುಣೆ: 2024ರ ಲೋಕಸಭಾ ಚುನಾವಣೆಯ ನಾಲ್ಕನೇ ಹಂತದಲ್ಲಿ, ಮೇ 13ರಂದು ಪುಣೆ ಕ್ಷೇತ್ರಕ್ಕೆ ಮತದಾನ ನಡೆಯಿತು. ಬಿಜೆಪಿಯ ಮುರಳೀಧರ ಮೊಹೋಳ್, ಕಾಂಗ್ರೆಸ್‌ನ ರವೀಂದ್ರ ಧಂಗೇಕರ್ ಕಣದಲ್ಲಿದ್ದ ಪ್ರಮುಖರು. ಯಾರು ಗೆಲ್ಲುತ್ತಾರೆ ಎಂಬ ಚರ್ಚೆಯ ನಡುವೆ ಮರೆತುಹೋದ ಸಂಗತಿಯೊಂದಿತ್ತು. ಈ ಮಹಾನಗರಕ್ಕೆ ಆಗ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಸದರೇ ಇರಲಿಲ್ಲ.

ಸ್ಥಾನ ತೆರವಾಗಿದ್ದು ಹೇಗೆ?

ಬಿಜೆಪಿ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ರಂದು ನಿಧನರಾದರು. ಆಗ 17ನೇ ಲೋಕಸಭೆಯ ಅವಧಿ ಮುಗಿಯಲು ಇನ್ನೂ 14 ತಿಂಗಳಿಗೂ ಹೆಚ್ಚು ಸಮಯವಿತ್ತು. ಆದರೂ ಉಪಚುನಾವಣೆ ಘೋಷಣೆಯಾಗಲಿಲ್ಲ.

ಕಾನೂನಿನಲ್ಲಿ ಏನಿದೆ?

1951ರ ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 151ಎ ಪ್ರಕಾರ, ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕು. ಇದಕ್ಕೆ ಎರಡೇ ವಿನಾಯಿತಿ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇರಬೇಕು ಅಥವಾ ಆ ಗಡುವಿನೊಳಗೆ ಚುನಾವಣೆ ನಡೆಸುವುದು ಕಷ್ಟ ಎಂದು ಕೇಂದ್ರ ಸರ್ಕಾರದ ಜೊತೆ ಸಮಾಲೋಚಿಸಿ ಚುನಾವಣಾ ಆಯೋಗ ಪ್ರಮಾಣೀಕರಿಸಬೇಕು.

ಪುಣೆಗೆ ಮೊದಲ ವಿನಾಯಿತಿ ಅನ್ವಯಿಸುತ್ತಿರಲಿಲ್ಲ. ಆಯೋಗ ಎರಡನೆಯದನ್ನು ಬಳಸಿತು. ಬೇರೆ ಚುನಾವಣೆಗಳ ಕೆಲಸದ ಒತ್ತಡವಿದೆ, ಗೆದ್ದವರಿಗೂ ಸಿಗುವುದು ಅಲ್ಪ ಅವಧಿ ಎಂಬುದು ಅದರ ವಾದವಾಗಿತ್ತು.

ಕರ್ನಾಟಕದಲ್ಲಿ ಆಗಿದ್ದೇನು?

ಇಲ್ಲಿ 2018ರ ಉದಾಹರಣೆ ನೆನಪಿಸಿಕೊಳ್ಳಬಹುದು. ವಿಧಾನಸಭಾ ಚುನಾವಣೆಯ ನಂತರ ಯಡಿಯೂರಪ್ಪ, ಶ್ರೀರಾಮುಲು ಮತ್ತು ಪುಟ್ಟರಾಜು ಮೇ ತಿಂಗಳಲ್ಲಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಅವಧಿ ಒಂದು ವರ್ಷಕ್ಕಿಂತ ಕೆಲವೇ ದಿನ ಹೆಚ್ಚು ಉಳಿದಿತ್ತು. ಹಾಗಿದ್ದರೂ ನವೆಂಬರ್ 3ರಂದು ಶಿವಮೊಗ್ಗ, ಬಳ್ಳಾರಿ, ಮಂಡ್ಯದಲ್ಲಿ ಉಪಚುನಾವಣೆ ನಡೆಯಿತು. ಗೆದ್ದವರಿಗೆ ಸಿಕ್ಕಿದ್ದು ಏಳು ತಿಂಗಳಿಗೂ ಕಡಿಮೆ ಅವಧಿ!

ಪುಣೆಯಲ್ಲೇ ಇನ್ನೊಂದು ಉದಾಹರಣೆಯಿದೆ. 2022ರ ಡಿಸೆಂಬರ್‌ನಲ್ಲಿ ಶಾಸಕಿ ಮುಕ್ತಾ ತಿಲಕ್ ನಿಧನರಾದಾಗ, ಕಸಬಾ ಪೇಟ್‌ನಲ್ಲಿ ಎರಡು ತಿಂಗಳು ಕಳೆಯುತ್ತಿದ್ದಂತೆ ಮತದಾನ ನಡೆದಿತ್ತು. ಅಂದು ಗೆದ್ದವರು ಇದೇ ಧಂಗೇಕರ್.

ಕೋರ್ಟ್ ಹೇಳಿದ್ದೇನು?

ಪುಣೆಯ ಮತದಾರರೊಬ್ಬರು ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದರು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆಯೋಗದ ಕಾರಣಗಳನ್ನು ಒಪ್ಪದೆ, ಕೂಡಲೇ ಉಪಚುನಾವಣೆ ನಡೆಸುವಂತೆ ಆದೇಶಿಸಿತು. ಆಯೋಗ ಸುಪ್ರೀಂ ಕೋರ್ಟ್‌ಗೆ ಹೋಯಿತು. ಸಾರ್ವತ್ರಿಕ ಚುನಾವಣೆ ಹತ್ತಿರವಿದ್ದ ಕಾರಣ 2024ರ ಜನವರಿಯಲ್ಲಿ ಆದೇಶಕ್ಕೆ ತಡೆ ಸಿಕ್ಕಿತು. ಸೆಕ್ಷನ್ 151ಎ ಕುರಿತ ಕಾನೂನಿನ ಪ್ರಶ್ನೆಯನ್ನು ಮುಂದೆ ಪರಿಶೀಲಿಸುವುದಾಗಿ ಸುಪ್ರೀಂ ಕೋರ್ಟ್ ತಿಳಿಸಿತು.

ಜನರಿಗೆ ಆದ ನಷ್ಟವೇನು?

2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ ಮತಕ್ಕೆ ಬಂದಾಗ ಪುಣೆಯ ಮತ ಅಲ್ಲಿರಲಿಲ್ಲ. ಕ್ಷೇತ್ರದ ಸಮಸ್ಯೆ ಬಗ್ಗೆ ಪ್ರಶ್ನೆ ಕೇಳಲು ಸದನದಲ್ಲಿ ಅದರದೇ ಪ್ರತಿನಿಧಿಯೂ ಇರಲಿಲ್ಲ. ಗಡುವು ಮೀರಲು 'ಕಷ್ಟ' ಎಂದರೆ ಎಷ್ಟು ಕಷ್ಟ ಎಂಬುದು ಸ್ಪಷ್ಟವಾಗುವವರೆಗೆ ನಾಳೆ ಯಾವ ಕ್ಷೇತ್ರಕ್ಕಾದರೂ ಇದೇ ಸ್ಥಿತಿ ಬರಬಹುದು.

ಪುಣೆ ಕನ್ನಡಿಗರೇ, ಗಮನಿಸಿ

ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಇಲ್ಲಿ ಮತ ಹಾಕಬಹುದು. ವೋಟರ್ ಐಡಿ ಇದ್ದರಷ್ಟೇ ಸಾಲದು, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಊರಿನಲ್ಲೂ ಇಲ್ಲಿಯೂ, ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. 2024ರ ಚುನಾವಣೆಯ ಫಲಿತಾಂಶ ಜೂನ್ 4ರಂದು ಪ್ರಕಟವಾಯಿತು.