ಪಿತ್ತಕೋಶದಲ್ಲಿ ಕಲ್ಲು: ಯಾವಾಗ ಸುಮ್ಮನಿರಬಹುದು, ಯಾವಾಗ ಕೂಡದು

ಬೇರೇನೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತೀರಿ. ವರದಿಯಲ್ಲಿ ‘ಗಾಲ್‌ಬ್ಲಾಡರ್ ಸ್ಟೋನ್’ ಎಂದು ಬಂದಿರುತ್ತದೆ. ಆಪರೇಷನ್ ಮಾಡಿಸಲೇಬೇಕೇನೋ ಎಂದು ಮನೆಮಂದಿಗೆಲ್ಲ ಗಾಬರಿ. ಇನ್ನು ಕೆಲವರು ವರ್ಷಗಟ್ಟಲೆ ಹೊಟ್ಟೆನೋವು ಸಹಿಸಿಕೊಂಡು, ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ಇರುತ್ತಾರೆ. ಮೊದಲನೆಯವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ತಡಮಾಡಬಾರದವರು ಎರಡನೆಯವರು.

ಪಿತ್ತಕೋಶ ಎಂಬುದು ಬಲಗಡೆ ಪಕ್ಕೆಲುಬಿನ ಕೆಳಗೆ, ಲಿವರ್‌ಗೆ ಅಂಟಿಕೊಂಡಿರುವ ಪುಟ್ಟ ಚೀಲ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ನಷ್ಟು ಪಿತ್ತರಸ ತಯಾರಿಸುತ್ತದೆ. ಈ ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಹಾಗಾಗಿ ರಸದಲ್ಲಿರುವ ನೀರನ್ನು ಹೀರಿ, ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ನೀವು ಎಣ್ಣೆ, ತುಪ್ಪದ ಊಟ ಮಾಡಿದಾಗ ಚೀಲ ಹಿಂಡಿಕೊಂಡು, ಪಿತ್ತನಾಳದ ಮೂಲಕ ರಸವನ್ನು ಸಣ್ಣ ಕರುಳಿಗೆ ಬಿಡುತ್ತದೆ. ಜಿಡ್ಡು ಜೀರ್ಣವಾಗಲು ಇದು ಬೇಕು.

ಪಿತ್ತರಸದಲ್ಲಿ ಕೊಲೆಸ್ಟರಾಲ್ ಇರುತ್ತದೆ. ಅದನ್ನು ಕರಗಿಸಿಡುವ ಲವಣಗಳೂ ಇರುತ್ತವೆ. ಕೊಲೆಸ್ಟರಾಲ್ ಹೆಚ್ಚಾದರೆ, ಅಥವಾ ಚೀಲ ಸರಿಯಾಗಿ ಖಾಲಿಯಾಗದೆ ರಸ ನಿಂತುಬಿಟ್ಟರೆ, ಪಾಕ ಹರಳುಗಟ್ಟಿದ ಹಾಗೆ ಅದು ಹರಳುಗಟ್ಟುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ. ಬಿಲಿರುಬಿನ್, ಅಂದರೆ ಕೆಂಪು ರಕ್ತಕಣ ಒಡೆದಾಗ ಬರುವ ಹಳದಿ ಬಣ್ಣದ ವಸ್ತು, ಹೆಚ್ಚಾದಾಗ ಕಪ್ಪು ಕಲ್ಲುಗಳಾಗುತ್ತವೆ. ಮೈಸೂರು, ಚಾಮರಾಜನಗರ, ಕೊಡಗಿನ ಕೆಲವು ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅಂಥ ಮನೆಯ ಮಕ್ಕಳಿಗೆ ಪದೇ ಪದೇ ಹೊಟ್ಟೆನೋವು ಬಂದರೆ, ಪಿತ್ತಕೋಶವನ್ನೂ ನೋಡಿ ಎಂದು ವೈದ್ಯರಿಗೆ ಹೇಳಿ.

ಗಂಡಸರಿಗಿಂತ ಹೆಂಗಸರಲ್ಲಿ ಕಲ್ಲು ಹೆಚ್ಚು, ಅದರಲ್ಲೂ ಬಸುರಿನಲ್ಲಿ ಮತ್ತು ನಲವತ್ತು ದಾಟಿದ ಮೇಲೆ. ಬೊಜ್ಜು, ಸಕ್ಕರೆ ಕಾಯಿಲೆ, ಮನೆತನದಲ್ಲಿ ಮೊದಲೇ ಇರುವುದು ಕೂಡ ಕಾರಣ. ತೂಕ ಇಳಿಸಲು ಊಟ ಬಿಟ್ಟು ವಾರಕ್ಕೆ ಒಂದೂವರೆ, ಎರಡು ಕಿಲೋ ಕಳೆದುಕೊಳ್ಳುವವರಿಗೂ ಕಲ್ಲಾಗುತ್ತದೆ. ತೂಕ ಇಳಿಸಿ, ಆದರೆ ನಿಧಾನವಾಗಿ.

ಈಗ ನೋವಿನ ವಿಷಯ. ಕಲ್ಲಿರುವ ಹತ್ತು ಜನರಲ್ಲಿ ಎಂಟು ಮಂದಿಗೆ ಜೀವನದಲ್ಲಿ ಯಾವ ತೊಂದರೆಯೂ ಆಗುವುದಿಲ್ಲ. ಉಳಿದವರಲ್ಲಿ ಕಲ್ಲು ಚೀಲದ ಬಾಯಿಗೆ ಬಂದು ಸಿಕ್ಕಿಕೊಂಡಾಗ ನೋವು ಶುರು. ಸಾಮಾನ್ಯವಾಗಿ ಮದುವೆ ಊಟವೋ ಬಿರಿಯಾನಿಯೋ ಆದ ಮೇಲೆ, ಹೆಚ್ಚಾಗಿ ರಾತ್ರಿ ಹೊತ್ತು. ಹೊಟ್ಟೆಯ ಮೇಲ್ಭಾಗದ ನಡುವೆ ಅಥವಾ ಬಲಗಡೆ ಹಿಡಿದುಕೊಳ್ಳುತ್ತದೆ. ಬೆನ್ನಿಗೆ, ಬಲಗಡೆಯ ಭುಜಕ್ಕೆ ಹರಿಯುತ್ತದೆ. ವಾಂತಿ ಬರುವ ಹಾಗಾಗುತ್ತದೆ. ಮಗ್ಗುಲು ಬದಲಿಸಿದರೂ ತೇಗಿದರೂ ಬಹಿರ್ದೆಸೆಗೆ ಹೋಗಿಬಂದರೂ ಕಡಿಮೆಯಾಗುವುದಿಲ್ಲ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ ಇದ್ದು, ಕಲ್ಲು ಹಿಂದೆ ಸರಿದಾಗ ತಾನಾಗಿ ಹೋಗಿಬಿಡುತ್ತದೆ. ಮರುದಿನ ಏನೂ ಇರುವುದಿಲ್ಲ. ಅದಕ್ಕೇ ಜನ ಗ್ಯಾಸ್ ಎಂದು ನಂಬುವುದು. ಬರೀ ಹೊಟ್ಟೆಯುಬ್ಬರ, ಹುಳಿತೇಗು ಇದ್ದರೆ ಮಾತ್ರ ಕಲ್ಲಿನ ಮೇಲೆ ತಪ್ಪು ಹೊರಿಸಬೇಡಿ. ಕಲ್ಲು ತೆಗೆಸಿದರೂ ಅವು ಉಳಿಯಬಹುದು. ಇನ್ನೊಂದು ಎಚ್ಚರಿಕೆ: ಹೃದಯಾಘಾತದ ನೋವೂ ಇದೇ ಜಾಗದಲ್ಲಿ ಬರುವುದುಂಟು. ಮೊದಲ ಸಲ ಬಂದಾಗ ಇಸಿಜಿ ಮಾಡಿಸುವುದು ಜಾಣತನ.

ನೋವು ಆರು ಗಂಟೆ ದಾಟಿ ಜ್ವರ ಬಂದರೆ ಪಿತ್ತಕೋಶಕ್ಕೆ ಉರಿಯೂತವಾಗಿದೆ ಎಂದೇ ತಿಳಿಯಿರಿ. ಕಣ್ಣು ಹಳದಿಯಾಗಿ, ಮೂತ್ರ ಕಡು ಹಳದಿಯಾಗಿ, ಮಲ ಬೆಳ್ಳಗಾದರೆ ಕಲ್ಲು ಪಿತ್ತನಾಳಕ್ಕೆ ಇಳಿದಿರುವ ಸಾಧ್ಯತೆ ಇದೆ. ಕಾಮಾಲೆಯೆಂದು ನಾಟಿ ಔಷಧಿಗೆ ಹೋಗಿ ಕೂರುವ ಸಮಯ ಇದಲ್ಲ. ಜೊತೆಗೆ ಚಳಿಜ್ವರ ಇದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳದ ಕೊನೆಯಲ್ಲಿ ಕಲ್ಲು ಸಿಕ್ಕಿಕೊಂಡರೆ ಮೇದೋಜೀರಕ ಗ್ರಂಥಿಯೂ ಊದಿಕೊಳ್ಳುತ್ತದೆ. ಇದು ಪ್ರಾಣಕ್ಕೇ ಕುತ್ತಾಗಬಹುದು.

ಪತ್ತೆಹಚ್ಚಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಕು. ಎಕ್ಸ್‌ರೇಯಲ್ಲಿ ಹೆಚ್ಚಿನ ಪಿತ್ತಗಲ್ಲುಗಳು ಕಾಣುವುದೇ ಇಲ್ಲ. ಆರೆಂಟು ಗಂಟೆ ಏನೂ ತಿನ್ನದೆ ಹೋಗಬೇಕು, ತಿಂದರೆ ಚೀಲ ಹಿಂಡಿಕೊಂಡು ಸರಿಯಾಗಿ ಕಾಣುವುದಿಲ್ಲ. ವರದಿ ಕೈಗೆ ಬಂದಾಗ ಮೂರು ಸಾಲು ನೀವೇ ಓದಿ. ‘ಕ್ಯಾಲ್ಕುಲೈ’ ಎಂದರೆ ಕಲ್ಲುಗಳು, ಪಕ್ಕದಲ್ಲಿ ಮಿಲಿಮೀಟರ್ ಅಳತೆ ಇರುತ್ತದೆ. ‘ವಾಲ್ ಥಿಕ್‌ನೆಸ್’ ಎಂದರೆ ಚೀಲದ ಗೋಡೆಯ ದಪ್ಪ, ಮೂರು ಮಿಲಿಮೀಟರ್‌ವರೆಗೆ ಸರಿ. ‘ಸಿಬಿಡಿ’ ಎಂದರೆ ಮುಖ್ಯ ಪಿತ್ತನಾಳ. ಅದು ಆರು ಮಿಲಿಮೀಟರ್‌ಗಿಂತ ಅಗಲವಾಗಿದ್ದರೆ ನಾಳದಲ್ಲೂ ಕಲ್ಲಿದೆಯೇ ಎಂದು ವೈದ್ಯರನ್ನು ಕೇಳಿ. ವಯಸ್ಸಾದವರಲ್ಲಿ ನಾಳ ತುಸು ಅಗಲವಿರುವುದು ಸಹಜ.

‘ಬಾಳೆದಿಂಡಿನ ರಸ ಕುಡಿದರೆ ಕರಗುವುದಿಲ್ಲವೇ?’ ಇಲ್ಲ. ಮೂತ್ರಪಿಂಡದ ಕಲ್ಲಿಗೆ ಜನ ಅದನ್ನು ಕುಡಿಯುತ್ತಾರೆ. ಆ ಕಲ್ಲು ಬೇರೆ, ಆ ದಾರಿಯೂ ಬೇರೆ. ಆಲಿವ್ ಎಣ್ಣೆ, ನಿಂಬೆರಸ ಕುಡಿದಾಗ ಮಲದಲ್ಲಿ ಬೀಳುವ ಹಸಿರು ಉಂಡೆಗಳು ಆ ಎಣ್ಣೆಯಿಂದಲೇ ಆದವು, ಕಲ್ಲಲ್ಲ. ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಸಣ್ಣ ಕೊಲೆಸ್ಟರಾಲ್ ಕಲ್ಲುಗಳನ್ನು ಕರಗಿಸಬಲ್ಲದು. ಆದರೆ ಆರು ತಿಂಗಳಿಂದ ಎರಡು ವರ್ಷ ಹಿಡಿಯುತ್ತದೆ, ನಿಲ್ಲಿಸಿದ ಮೇಲೆ ಬಹಳ ಜನರಿಗೆ ಮತ್ತೆ ಬರುತ್ತದೆ.

ಹಾಗಾಗಿ ನೋವು ಕೊಟ್ಟ ಕಲ್ಲಿಗೆ ಇರುವ ಖಾತರಿ ಚಿಕಿತ್ಸೆ ಪಿತ್ತಕೋಶವನ್ನೇ ತೆಗೆಯುವುದು. ಕಲ್ಲು ಮಾತ್ರ ತೆಗೆದರೆ ಅದೇ ಚೀಲದಲ್ಲಿ ಮತ್ತೆ ಬೆಳೆಯುತ್ತದೆ. ಅಂಗವೇ ಹೋದರೆ ಬದುಕುವುದು ಹೇಗೆ ಎಂಬ ಅಂಜಿಕೆ ಬೇಡ. 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್ ಮೊದಲ ಸಲ ಪಿತ್ತಕೋಶ ತೆಗೆದರು. ಅಲ್ಲಿಂದೀಚೆಗೆ ಲಕ್ಷಾಂತರ ಜನ ಅದಿಲ್ಲದೆ ಚೆನ್ನಾಗಿಯೇ ಇದ್ದಾರೆ. ಲಿವರ್‌ನಿಂದ ರಸ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವರಿಗೆ ಕೆಲವು ವಾರ ಭೇದಿಯಾಗಬಹುದು.

ಈಗ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತಿನ ಆಪರೇಷನ್, ಮಾಮೂಲಿ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಅರ್ಧದಿಂದ ಒಂದು ಸೆಂಟಿಮೀಟರ್‌ನ ನಾಲ್ಕು ತೂತುಗಳ ಮೂಲಕ ಚೀಲವನ್ನು ಬಿಡಿಸಿ ತೆಗೆಯುತ್ತಾರೆ. ಪೂರ್ತಿ ಅರಿವಳಿಕೆ ಬೇಕು. ಒಂದೆರಡು ದಿನ ಆಸ್ಪತ್ರೆ, ಒಂದೆರಡು ವಾರದಲ್ಲಿ ಕೆಲಸ. ಆಪರೇಷನ್ ಮರುದಿನ ಭುಜ ನೋಯುವುದು ಆ ಗಾಳಿಯಿಂದ, ಹೆದರಬೇಡಿ. ಉರಿಯೂತ ಹೆಚ್ಚಿದ್ದರೆ ಮಧ್ಯದಲ್ಲಿ ಹೊಟ್ಟೆ ತೆರೆಯಬೇಕಾಗಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ. ಪಿತ್ತನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಪೆಟ್ಟಾದರೆ ಕಷ್ಟ. ಆದ್ದರಿಂದ ಈ ಆಪರೇಷನ್ ಆಗಾಗ ಮಾಡುವ ಸರ್ಜನ್‌ರನ್ನೇ ಆರಿಸಿ. ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳುಹಿಸಿ, ವರದಿಯನ್ನು ತಪ್ಪದೆ ಪಡೆಯಿರಿ. ಅಪರೂಪಕ್ಕೆ ಕ್ಯಾನ್ಸರ್ ಅಡಗಿರುವುದು ಗೊತ್ತಾಗುವುದು ಅಲ್ಲೇ. ಇದೇ ಕಾರಣಕ್ಕೆ ಮೂರು ಸೆಂಟಿಮೀಟರ್ ಮೀರಿದ ಕಲ್ಲನ್ನು ನೋವಿಲ್ಲದಿದ್ದರೂ ತೆಗೆಸಲು ಹೇಳುತ್ತಾರೆ. ಕಲ್ಲು ನಾಳಕ್ಕೆ ಇಳಿದಿದ್ದರೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯುವ ಇಆರ್‌ಸಿಪಿ ಬೇಕು.

ಖರ್ಚು ಊರಿಂದೂರಿಗೆ ಬೇರೆ. ಖಾಸಗಿಯಲ್ಲಿ ಸ್ಕ್ಯಾನಿಂಗ್‌ಗೆ ಸುಮಾರು ಸಾವಿರ, ಎರಡು ಸಾವಿರ ರೂಪಾಯಿ ಆದೀತು, ಆಪರೇಷನ್‌ಗೆ ಐವತ್ತು ಸಾವಿರದಿಂದ ಒಂದೂವರೆ ಲಕ್ಷ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐನಂಥ ಸರ್ಕಾರಿ ಕಾಲೇಜು ಆಸ್ಪತ್ರೆಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಸಿಗುತ್ತದೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದಾಗ ಮಾತ್ರ ರೆಫರಲ್ ಪತ್ರ ಕೊಟ್ಟು ಬೇರೆಡೆ ಕಳುಹಿಸುತ್ತಾರೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡಿನಲ್ಲಿ ಇದು ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಖಾಸಗಿ ವಿಮೆ ಇರುವವರು ಪಾಲಿಸಿಯ ವೇಟಿಂಗ್ ಪೀರಿಯಡ್, ಅಂದರೆ ಕಾಯುವ ಅವಧಿ, ನೋಡಿಕೊಳ್ಳಿ. ಬಹಳಷ್ಟು ಪಾಲಿಸಿಗಳಲ್ಲಿ ಪಿತ್ತಕೋಶದ ಕಲ್ಲಿಗೆ ಮೊದಲ ಎರಡು ವರ್ಷ ಹಣ ಬರುವುದಿಲ್ಲ.