ಶಾಲೆಯ ಹಾಜರಿಯೂ ಕಾಲುವೆಯ ನೀರೂ



ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಇದನ್ನು ಮಾನ್ವಿ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇಜಿನ ಬಳಿ ನಿಂತು ಎಷ್ಟು ಅಡಿ ಬಂತೆಂದು ನೋಡುವವರಿದ್ದರೆ ಮಾತ್ರ ಪಾಲಿನ ನೀರು ಕೈಗೆ ಬರುತ್ತದೆ. ನಮ್ಮೂರ ಸರಕಾರಿ ಶಾಲೆಯ ಸಂಗತಿಯೂ ಹೀಗೆಯೇ. ಶಿಕ್ಷಕರೆಷ್ಟು, ಶಾಲೆ ಎಷ್ಟು ದಿನ ನಡೆಯಬೇಕು ಎಂಬುದಕ್ಕೆಲ್ಲ ಕಾನೂನಿನಲ್ಲಿ ಅಳತೆ ಉಂಟು. ಆ ಅಳತೆ ತಿಳಿದಿದ್ದರೆ ಪಾಲು ಕೇಳಲು ಧೈರ್ಯ ಬರುತ್ತದೆ.

ಬೀಜ ಗೊಬ್ಬರದ ಮಾತು ಬಿಟ್ಟು ಗ್ರಾಮಸೇವಕನಿಗೆ ಶಾಲೆಯ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಔಷಧದ ಡಬ್ಬಿಯ ಮೇಲಿನ ಬರಹ ಓದಲಾರದೆ, ಪ್ರಮಾಣ ತಪ್ಪಿ, ಹತ್ತಿ ಬೆಳೆ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಓದು ಬೇಸಾಯಕ್ಕೆ ಹೊರತಾದುದಲ್ಲ.

ನಮ್ಮ ಜಿಲ್ಲೆಯ ಸ್ಥಿತಿ

2011ರ ಜನಗಣತಿಯಂತೆ ರಾಜ್ಯದಲ್ಲಿ ನೂರಕ್ಕೆ 75 ಮಂದಿ ಅಕ್ಷರಸ್ಥರು. ರಾಯಚೂರು ಜಿಲ್ಲೆಯಲ್ಲಿ ನೂರಕ್ಕೆ 60ರಷ್ಟೂ ಇರಲಿಲ್ಲ. ಹೆಂಗಸರಲ್ಲಂತೂ ನೂರಕ್ಕೆ 49ರ ಒಳಗೆ. ಇದಕ್ಕೆ ಹಳೆಯ ಕಾರಣಗಳೂ ಇವೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಕಾಲದಲ್ಲಿ ಶಾಲೆಗಳೇ ವಿರಳ. ಇದ್ದ ಕಡೆಯೂ ಉರ್ದುವಿಗೆ ಪ್ರಾಧಾನ್ಯ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ತೆರೆದದ್ದು ಇಂಥ ಕಾಲದಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಸೇರಿತ್ತು. ಈ ಭಾಗಕ್ಕಾಗಿ ಸಂವಿಧಾನಕ್ಕೆ 371ಜೆ ವಿಧಿ ಬಂದಿತು. ಮಧ್ಯಾಹ್ನದ ಬಿಸಿಯೂಟವೂ 2002ರಲ್ಲಿ ರಾಜ್ಯದಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರು ಒಂದು. ಹೀಗೆ ಮೇಲಿನಿಂದ ನೀರು ಬಿಟ್ಟದ್ದುಂಟು. ಕೊನೆ ಭಾಗದಲ್ಲಿ ಅಳೆಯುವ ಕೆಲಸ ಮಾತ್ರ ನಮ್ಮದು.

ಶಿಕ್ಷಕರ ಅಳತೆ

ಶಿಕ್ಷಣ ಹಕ್ಕಿನ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದರಿಂದ ಐದನೆಯ ತರಗತಿವರೆಗೆ 60 ಮಕ್ಕಳಿದ್ದರೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4 ಶಿಕ್ಷಕರು ಇರಬೇಕು. ಆರರಿಂದ ಎಂಟನೆಯ ತರಗತಿವರೆಗೆ 35 ಮಕ್ಕಳಿಗೆ ಒಬ್ಬರು; ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು. ಶಾಲೆ ಐದರವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ನಡೆಯಬೇಕು.

ಈಗ ಒಂದು ಲೆಕ್ಕ ಮಾಡಿ. ನಿಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 92 ಮಕ್ಕಳಿದ್ದಾರೆನ್ನಿ. ನಾಲ್ವರು ಶಿಕ್ಷಕರು ಬೇಕು. ಎರಡು ಮಕ್ಕಳು ಶಾಲೆ ಬಿಟ್ಟರೆ 90 ಆಗುತ್ತದೆ. ಕಾನೂನಿನ ಅಳತೆ ಮೂವರಿಗೆ ಇಳಿಯುತ್ತದೆ. ನಾಲ್ಕನೆಯವರನ್ನು ಹೆಚ್ಚುವರಿಯೆಂದು ಬೇರೆ ಊರಿಗೆ ಕಳುಹಿಸಲು ಅವಕಾಶವಾಗುತ್ತದೆ. ಬಿಟ್ಟವರು ಇಬ್ಬರೇ, ಶಿಕ್ಷಕರನ್ನು ಕಳೆದುಕೊಂಡವರು ಉಳಿದ 90 ಮಕ್ಕಳು. ಪಾಠ ಸಡಿಲವಾದರೆ ಮತ್ತೆ ನಾಲ್ಕು ಮಂದಿ ತಮ್ಮ ಮಕ್ಕಳನ್ನು ಬಿಡಿಸುತ್ತಾರೆ. ಬದುವಿನಲ್ಲಿ ಸಣ್ಣ ತೂತು ಬಿದ್ದಂತೆಯೇ ಇದು. ಬೇಗ ಮುಚ್ಚದಿದ್ದರೆ ಬದುವೇ ಹೋಗುತ್ತದೆ.

ಹತ್ತಿ ಬಿಡಿಸುವ ಕಾಲ

ನಮ್ಮ ಕಡೆ ತೂತು ಬೀಳುವುದು ಹತ್ತಿ ಬಿಡಿಸುವ ಕಾಲದಲ್ಲಿ. ದೇವದುರ್ಗದ ಕಡೆಯ ಒಂದು ಊರಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೊಲದಲ್ಲಿ ಕಂಡಳು. ತಂದೆಯನ್ನು ಕೇಳಿದೆ. "ಹದಿನೈದು ದಿನದ ಮಾತು ಸಾಹೇಬ್ರ, ಹತ್ತಿ ಮುಗದ ಮ್ಯಾಲ ಮತ್ತ ಸಾಲಿಗಿ ಕಳಸ್ತೀನ್ರಿ" ಎಂದರು. ಹದಿನೈದು ದಿನ ನಲವತ್ತಾಯಿತು. ಹುಡುಗಿ ತಿರುಗಿ ಹೋದಾಗ ಗಣಿತದ ಎರಡು ಪಾಠ ಮುಂದೆ ಹೋಗಿದ್ದವು. ಕೇಳಲು ನಾಚಿಕೆ. ಯುಗಾದಿಯ ಹೊತ್ತಿಗೆ ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮರುವರ್ಷ ಆ ತಂದೆಯೇ, "ಕೂಲಿ ಉಳೀತು, ಸಾಲಿ ಹೋತು" ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಎಡೆ ಹೊಡೆಯುವ ಹದ ತಪ್ಪಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಇಳುವರಿ ಬಾರದಲ್ಲವೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾಯಿತೆಂದು ಬೇಸಿಗೆಯಲ್ಲಿ ಮರುಗುತ್ತೇವೆ. ಕಳೆ ಬೆಳೆದದ್ದು ಹಿಂದಿನ ಹತ್ತಿ ಸುಗ್ಗಿಯಲ್ಲಿ. ಆ ಪರೀಕ್ಷೆಗೆ ಕೂಡಲು ನೂರಕ್ಕೆ 75ರಷ್ಟು ಹಾಜರಿ ಬೇಕು. ಶಾಲೆ 220 ದಿನ ನಡೆದರೆ 55 ದಿನಕ್ಕಿಂತ ಹೆಚ್ಚು ತಪ್ಪಿಸುವಂತಿಲ್ಲ. ಹತ್ತಿಯಲ್ಲಿ ನಲವತ್ತು ದಿನ ಕಳೆದವರಿಗೆ ಜ್ವರಕ್ಕೂ ಜಾತ್ರೆಗೂ ಉಳಿಯುವುದು ಹದಿನೈದೇ ದಿನ. ಇನ್ನೊಂದು ಮಾತು: 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮನೆಯ ಹೊಲದಲ್ಲಿ ಕೈಯಾಡಿಸುವುದಕ್ಕೆ ಅಡ್ಡಿಯಿಲ್ಲ.

ಗುಳೆ ಹೋಗುವವರಿಗೆ

ಬೆಂಗಳೂರಿನ ಕಡೆ ಕಟ್ಟಡ ಕೆಲಸಕ್ಕೆ ಹೋಗುವವರು ಸಾಧ್ಯವಾದರೆ ಮಗುವನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟುಹೋಗುವುದು ಮೇಲು. ಕರೆದುಕೊಂಡೇ ಹೋಗಬೇಕಾದರೆ ಮುಖ್ಯ ಗುರುಗಳಿಗೆ ತಿಳಿಸಿ ವರ್ಗಾವಣೆ ಪತ್ರ ಪಡೆಯಿರಿ. ಪತ್ರ ತಡವಾಯಿತೆಂದು ಅಲ್ಲಿಯ ಸರಕಾರಿ ಶಾಲೆಯವರು ಎಂಟನೆಯ ತರಗತಿಯೊಳಗಿನ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂದೂ ಕಾನೂನು ಹೇಳುತ್ತದೆ.

ಗೇಜು ನೋಡುವವರು ಯಾರು?

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಂದರೆ ಎಸ್‌ಡಿಎಂಸಿ, ಈ ಕೆಲಸಕ್ಕಾಗಿಯೇ ಇದೆ. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ ಅಧಿಕಾರವೂ ಅದಕ್ಕುಂಟು. ಅನೇಕ ಊರುಗಳಲ್ಲಿ ಸಭೆಯ ಪುಸ್ತಕ ಮನೆಗೆ ಬರುತ್ತದೆ, ಸಹಿ ಬೀಳುತ್ತದೆ, ಸಭೆ ಮುಗಿಯುತ್ತದೆ. ಹೀಗಾಗಬಾರದು. ಸದಸ್ಯರು ಮುಂದಿನ ಸಭೆಗೆ ಸ್ವತಃ ಹೋಗಿ ನಾಲ್ಕು ಪ್ರಶ್ನೆ ಕೇಳಲಿ.

ಒಂದು, ದಾಖಲಾದ ಮಕ್ಕಳೆಷ್ಟು, ಇಂದು ಬಂದವರೆಷ್ಟು? ಎರಡು, ಆ ಲೆಕ್ಕಕ್ಕೆ ಶಿಕ್ಷಕರೆಷ್ಟು ಬೇಕು, ಎಷ್ಟು ಮಂದಿ ಇದ್ದಾರೆ? ಮೂರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೆ? ನಾಲ್ಕು, ಒಂದು ವಾರದಿಂದ ಬಾರದ ಮಕ್ಕಳು ಯಾರ ಮನೆಯವರು?

ಶಿಕ್ಷಕರು ಕಡಿಮೆಯಿದ್ದರೆ ಠರಾವು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನೀರು, ಕಾಂಪೌಂಡಿನ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿರಿ. ನಾಲ್ಕನೆಯ ಪ್ರಶ್ನೆಗೆ ಮಾತ್ರ ಯಾವ ಕಚೇರಿಗೂ ಹೋಗಬೇಕಾಗಿಲ್ಲ. ನೆರೆಮನೆಯ ಬಾಗಿಲಿಗೆ ಹೋದರೆ ಸಾಕು.

ಈ ವರ್ಷ ಹತ್ತಿ ಒಡೆಯುವ ಮೊದಲೇ ಓಣಿಯವರು ಕೂಡಿ ಮುಯ್ಯಾಳಿನ ಲೆಕ್ಕದಲ್ಲಿ ಒಬ್ಬರ ಹೊಲ ಇನ್ನೊಬ್ಬರು ಬಿಡಿಸುವ ಏರ್ಪಾಡು ಮಾಡಿಕೊಳ್ಳಿ. ಮಕ್ಕಳ ಕೈ ಬೇಕಾಗುವುದಿಲ್ಲ. ನಿಮ್ಮ ಊರಿನಲ್ಲಿ ಅಂಥ ಸಭೆ ಕರೆದರೆ ನಾನೂ ಬಂದು ಕೂಡುತ್ತೇನೆ.