ಸಂವಿಧಾನ ತಿದ್ದುಪಡಿಯ ಪ್ರಸ್ತಾವ: ಗ್ರಾಮಸಭೆಯ ಠರಾವು ಯಾರಿಗೆ, ಯಾವಾಗ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಭೂಮಿಯ ಹಕ್ಕಿನ ವಿಷಯ ಚರ್ಚೆಗೆ ಬಂದಾಗ, ಇದಕ್ಕೆ ಸಂವಿಧಾನವನ್ನೇ ತಿದ್ದುಪಡಿ ಮಾಡಬೇಕು ಎಂಬ ಅಭಿಪ್ರಾಯ ವ್ಯಕ್ತವಾಗುವುದುಂಟು. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟಗಳನ್ನು ಕಳೆದುಕೊಂಡ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಾಯುತ್ತಿರುವಾಗ ಅಂತಹ ಮಾತು ಹೊರಡುವುದು ಸಹಜ. ಆದರೆ ಬೇಡಿಕೆಯನ್ನು ತಪ್ಪು ಬಾಗಿಲಿಗೆ ಒಯ್ದರೆ ವ್ಯರ್ಥವಾಗುವುದು ಕಾಯುವವರ ಕಾಲ. ಆದ್ದರಿಂದ ತಿದ್ದುಪಡಿಯನ್ನು ಯಾರು ಪ್ರಸ್ತಾಪಿಸಬಹುದು, ಯಾವ ಬೇಡಿಕೆಗೆ ಅದು ನಿಜವಾಗಿ ಅಗತ್ಯ ಮತ್ತು ಯಾವುದಕ್ಕೆ ಅಗತ್ಯವಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತಿದ್ದುಪಡಿಯನ್ನು ಮಂಡಿಸುವ ಅಧಿಕಾರ

ಸಂವಿಧಾನದ 368ನೇ ಅನುಚ್ಛೇದದ ಪ್ರಕಾರ ತಿದ್ದುಪಡಿ ಆರಂಭವಾಗುವುದು ಒಂದೇ ಕಡೆ. ಲೋಕಸಭೆ ಅಥವಾ ರಾಜ್ಯಸಭೆಯಲ್ಲಿ ಅದಕ್ಕಾಗಿ ಮಸೂದೆ ಮಂಡನೆಯಾಗಬೇಕು. ಗ್ರಾಮಸಭೆಗಾಗಲಿ, ಜಿಲ್ಲಾ ಪಂಚಾಯತಿಗಾಗಲಿ, ರಾಜ್ಯ ವಿಧಾನಮಂಡಲಕ್ಕಾಗಲಿ ಆ ಅಧಿಕಾರವಿಲ್ಲ. ವಿಧಾನಸಭೆಯು ತಿದ್ದುಪಡಿ ಕೋರಿ ನಿರ್ಣಯ ಅಂಗೀಕರಿಸಬಹುದು. ಅದು ಸಂಸತ್ತಿಗೆ ಮಾಡಿದ ಮನವಿಯಾಗುತ್ತದೆಯೇ ಹೊರತು ಕಡ್ಡಾಯವಾಗುವುದಿಲ್ಲ.

ಮಸೂದೆಯನ್ನು ಸಚಿವರೇ ಮಂಡಿಸಬೇಕೆಂದಿಲ್ಲ. ಯಾವುದೇ ಸಂಸದರು ಖಾಸಗಿ ಸದಸ್ಯರ ಮಸೂದೆಯಾಗಿ ಅದನ್ನು ತರಬಹುದು. ಸಂವಿಧಾನ ತಿದ್ದುಪಡಿಯ ಇಂತಹ ಮಸೂದೆಯನ್ನು ಲೋಕಸಭೆಯಲ್ಲಿ ಮಂಡನೆಗೆ ಮೊದಲೇ ಸದನದ ಸಮಿತಿಯೊಂದು ಪರಿಶೀಲಿಸುತ್ತದೆ. 1970ರ ನಂತರ ಖಾಸಗಿ ಸದಸ್ಯರ ಯಾವ ಮಸೂದೆಯೂ ಕಾನೂನಾಗಿ ಜಾರಿಗೆ ಬಂದಿಲ್ಲ ಎಂಬುದನ್ನೂ ತಿಳಿದಿರಬೇಕು. ಆದರೂ ವಿಷಯವೊಂದು ಸಂಸತ್ತಿನ ದಾಖಲೆಗೆ ಸೇರಿ ಸರ್ಕಾರದ ಉತ್ತರ ಪಡೆಯಲು ಅದೊಂದು ಮಾರ್ಗ. ಮೂರೂ ತಾಲ್ಲೂಕುಗಳು ಶಿವಮೊಗ್ಗ ಲೋಕಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿವೆ. ಉಭಯ ಸದನಗಳಲ್ಲಿಯೂ ನಾಗರಿಕರ ಲಿಖಿತ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗಳಿವೆ.

ಬಹುಮತದ ಲೆಕ್ಕ

ತಿದ್ದುಪಡಿ ಮಸೂದೆಗೆ ಪ್ರತಿಯೊಂದು ಸದನದಲ್ಲಿ ಎರಡು ಷರತ್ತುಗಳು ಒಟ್ಟಿಗೆ ಪೂರೈಕೆಯಾಗಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ, ಹಾಜರಿದ್ದು ಮತ ನೀಡಿದವರಲ್ಲಿ ಮೂರನೇ ಎರಡರಷ್ಟು ಮತ. 543 ಸ್ಥಾನಗಳ ಲೋಕಸಭೆಯಲ್ಲಿ 450 ಮಂದಿ ಮತ ನೀಡಿದರೆ ಕನಿಷ್ಠ 300 ಮತಗಳು ಬೇಕು. ಕೇವಲ 390 ಮಂದಿ ಮತ ನೀಡಿದರೆ ಮೂರನೇ ಎರಡರ ಲೆಕ್ಕಕ್ಕೆ 260 ಸಾಕಾದರೂ, ಒಟ್ಟು ಬಲದ ಷರತ್ತಿನಿಂದಾಗಿ 272 ಮತಗಳು ಅವಶ್ಯ. ಒಂದು ಸದನ ಒಪ್ಪಿ ಇನ್ನೊಂದು ತಿರಸ್ಕರಿಸಿದರೆ ಮಸೂದೆ ಬಿದ್ದುಹೋಗುತ್ತದೆ. ಸಾಮಾನ್ಯ ಮಸೂದೆಗಳಿಗಿರುವ ಜಂಟಿ ಅಧಿವೇಶನದ ಅವಕಾಶ ಇಲ್ಲಿಲ್ಲ.

ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು ಹಾಗೂ 368ನೇ ಅನುಚ್ಛೇದವೇ ಮೊದಲಾದ ವಿಷಯಗಳಲ್ಲಿ ಇನ್ನೂ ಒಂದು ಹಂತವಿದೆ. ಕನಿಷ್ಠ ಅರ್ಧದಷ್ಟು ರಾಜ್ಯಗಳ, ಅಂದರೆ 28ರಲ್ಲಿ 14 ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಬೇಕು. ಕೊನೆಗೆ ರಾಷ್ಟ್ರಪತಿಗಳ ಅಂಕಿತ. ಈ ಕ್ರಮದಲ್ಲಿ 2023ರ ಸೆಪ್ಟೆಂಬರ್‌ವರೆಗೆ 106 ತಿದ್ದುಪಡಿಗಳು ಆಗಿವೆ.

ಪ್ರತಿಯೊಂದು ಬೇಡಿಕೆಗೂ ತಿದ್ದುಪಡಿ ಬೇಕೆ?

ತುಳು ಅಥವಾ ಕೊಡವ ಭಾಷೆಯನ್ನು ಎಂಟನೇ ಅನುಸೂಚಿಗೆ ಸೇರಿಸಬೇಕೆಂಬ ಬೇಡಿಕೆಗೆ ಸಂವಿಧಾನ ತಿದ್ದುಪಡಿ ಅನಿವಾರ್ಯ. 1992ರಲ್ಲಿ ಕೊಂಕಣಿ ಸೇರಿದ್ದು 71ನೇ ತಿದ್ದುಪಡಿಯ ಮೂಲಕ. ಆದರೆ ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲು 342ನೇ ಅನುಚ್ಛೇದದಡಿ ಸಂಸತ್ತಿನ ಸಾಮಾನ್ಯ ಕಾನೂನು ಸಾಕು. ಅಲ್ಲಿ ಮೂರನೇ ಎರಡರ ಬಹುಮತದ ಪ್ರಶ್ನೆ ಉದ್ಭವಿಸುವುದಿಲ್ಲ. ಬೇಡಿಕೆಗಳು ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಅವುಗಳ ದಾರಿ ಬೇರೆ ಬೇರೆ.

ಶರಾವತಿ ಮುಳುಗಡೆ ಸಂತ್ರಸ್ತರ ಪ್ರಶ್ನೆ ಇದಕ್ಕೆ ಸ್ಪಷ್ಟ ಉದಾಹರಣೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಎದ್ದುಬಂದ ಅನೇಕ ಕುಟುಂಬಗಳು ಅರಣ್ಯ ಭೂಮಿಯಲ್ಲಿ ನೆಲೆಗೊಂಡವು. ಆಗ ಅರಣ್ಯವು ರಾಜ್ಯ ಪಟ್ಟಿಯ ವಿಷಯ. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ವರ್ಗಾಯಿಸಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಊರು ಬಿಡಿಸಿದ ಕಾಲಕ್ಕೆ ರಾಜ್ಯವೇ ಮುಗಿಸಬಹುದಾಗಿದ್ದ ಕೆಲಸಕ್ಕೆ ಹೀಗೆ ದೆಹಲಿಯ ಒಪ್ಪಿಗೆ ಬೇಕಾಯಿತು. ಆ ಪೂರ್ವಾನುಮತಿ ಇಲ್ಲದೆ ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಶನ್ ಆದೇಶಗಳು 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು.

ಈ ಪ್ರಶ್ನೆಗೆ ಮೂರು ದಾರಿಗಳನ್ನು ಊಹಿಸಬಹುದು. ಮೊದಲನೆಯದು, ಇರುವ ಕಾಯ್ದೆಯಡಿಯಲ್ಲಿಯೇ ರಾಜ್ಯ ಸರ್ಕಾರ ಸರ್ವೆ ದಾಖಲೆಗಳೊಂದಿಗೆ ಪ್ರಸ್ತಾವ ಸಲ್ಲಿಸಿ ಕೇಂದ್ರದ ಅನುಮತಿ ಪಡೆಯುವುದು. ಇದಕ್ಕೆ ಯಾವ ಕಾನೂನನ್ನೂ ಬದಲಿಸಬೇಕಿಲ್ಲ. ಆದರೆ ಮೀಸಲು ಅರಣ್ಯವನ್ನು ಕೈಬಿಡುವ ಬಗ್ಗೆ ಸುಪ್ರೀಂ ಕೋರ್ಟ್ 2000ದಲ್ಲಿ ನೀಡಿದ ಆದೇಶವನ್ನೂ ಪಾಲಿಸಬೇಕಾಗುತ್ತದೆ. ಎರಡನೆಯದು, 1980ಕ್ಕೆ ಮೊದಲು ಸರ್ಕಾರಿ ಯೋಜನೆಗಳಿಂದ ನಿರಾಶ್ರಿತರಾದವರಿಗೆ ಅನ್ವಯಿಸುವಂತೆ ಸಂಸತ್ತು ಆ ಕಾಯ್ದೆಯನ್ನು ತಿದ್ದುವುದು. ಇದಕ್ಕೆ ಸಾಮಾನ್ಯ ಬಹುಮತ ಸಾಕು. ಮೂರನೆಯದು, ಅರಣ್ಯವನ್ನು ಮರಳಿ ರಾಜ್ಯ ಪಟ್ಟಿಗೆ ತರುವುದು. ಇದೊಂದೇ ನಿಜವಾದ ಸಂವಿಧಾನ ತಿದ್ದುಪಡಿ. ಇದಕ್ಕೆ ಉಭಯ ಸದನಗಳ ವಿಶೇಷ ಬಹುಮತದೊಂದಿಗೆ 14 ರಾಜ್ಯಗಳ ಒಪ್ಪಿಗೆಯೂ ಬೇಕು. ಅತ್ಯಂತ ದೀರ್ಘವಾದ ದಾರಿಯೂ ಇದೇ.

2006ರ ಅರಣ್ಯ ಹಕ್ಕುಗಳ ಕಾಯ್ದೆಯಲ್ಲಿಯೂ ಇಂತಹುದೇ ತೊಡಕಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದು ಅದನ್ನು ಅವಲಂಬಿಸಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗುತ್ತದೆ. 1960ರ ದಶಕದಲ್ಲಿ ಮುಳುಗಡೆಯಿಂದ ಎದ್ದುಬಂದ ಕುಟುಂಬಕ್ಕೆ ಹೊಸ ನೆಲೆಯ ಆಧಾರದ ಮೇಲೆ ಇದನ್ನು ಸಾಬೀತುಪಡಿಸುವುದು ಕಷ್ಟ. ಹಳೆಯ ಊರಂತೂ ನೀರಿನಡಿಯಲ್ಲಿದೆ. ಈ 75 ವರ್ಷಗಳ ಷರತ್ತು ಸಂವಿಧಾನದಲ್ಲಿ ಇಲ್ಲ, ಕಾಯ್ದೆಯಲ್ಲಿದೆ. ಅದನ್ನು ಕಡಿಮೆ ಮಾಡಲು ಕಾಯ್ದೆಯ ತಿದ್ದುಪಡಿ ಸಾಕು. ಇದೇ ಕಾಯ್ದೆಯ 6ನೇ ಪ್ರಕರಣ ಹಕ್ಕು ನಿರ್ಧಾರದ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರವನ್ನು ಗ್ರಾಮಸಭೆಗೇ ನೀಡಿದೆ ಎಂಬುದು ಗಮನಾರ್ಹ.

ಇತಿಹಾಸದ ನಿದರ್ಶನಗಳು

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಹೆಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಅದರ ಮುಂಚೂಣಿಯಲ್ಲಿದ್ದರು; ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಅದೇ ಜೂನ್ 18ರಂದು ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂದು, ಭೂಸುಧಾರಣಾ ಕಾನೂನುಗಳಿಗೆ ರಕ್ಷಣೆ ನೀಡುವ ಒಂಬತ್ತನೇ ಅನುಸೂಚಿ ರಚನೆಯಾಯಿತು. ಇವೆರಡೂ ಪರಸ್ಪರ ಕಾರಣವಲ್ಲ; ಆದರೆ ಒಂದೇ ಪ್ರಶ್ನೆಯ ಎರಡು ಮುಖಗಳು. 1961ರ ಮೈಸೂರು ಭೂಸುಧಾರಣಾ ಕಾಯ್ದೆ 1964ರ 17ನೇ ತಿದ್ದುಪಡಿಯ ಮೂಲಕ ಆ ಅನುಸೂಚಿಗೆ ಸೇರಿತು. ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಗಿ ಉಳುವವನು ಒಡೆಯನಾಗುವ ಅವಕಾಶ ದೊರೆತದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ರಾಜ್ಯ ಕಾಯ್ದೆಯ ತಿದ್ದುಪಡಿಯಿಂದ. ಸಂವಿಧಾನ ತಿದ್ದುಪಡಿ ಭೂಮಿಯನ್ನು ಕೊಡಲಿಲ್ಲ; ಭೂಮಿ ಕೊಡುವ ಕಾನೂನಿಗೆ ಇದ್ದ ಅಡ್ಡಿಯನ್ನು ನಿವಾರಿಸಿತು.

ಪಂಚಾಯತಿ ವ್ಯವಸ್ಥೆಯ ಕಥೆ ಇದಕ್ಕೆ ಪೂರಕ. ಅಬ್ದುಲ್ ನಜೀರ್‌ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಡಿ ಕರ್ನಾಟಕವು 1987ರಲ್ಲಿ ಚುನಾವಣೆ ನಡೆಸಿ, ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಅಧಿಕಾರ ನೀಡಿತ್ತು. 1989ರ 64ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗಿಯೂ ರಾಜ್ಯಸಭೆಯಲ್ಲಿ ಮೂರನೇ ಎರಡರ ಬಹುಮತ ದೊರೆಯದೆ ಬಿದ್ದುಹೋಯಿತು. ಮತ್ತೆ ಮಂಡನೆಯಾದ ಮಸೂದೆ 1992ರ ಡಿಸೆಂಬರ್ 22 ಮತ್ತು 23ರಂದು ಉಭಯ ಸದನಗಳಲ್ಲಿ ಅಂಗೀಕಾರವಾಗಿ, ರಾಜ್ಯಗಳ ಅನುಮೋದನೆಯ ನಂತರ 1993ರ ಏಪ್ರಿಲ್ 24ರಂದು 73ನೇ ತಿದ್ದುಪಡಿಯಾಗಿ ಜಾರಿಗೆ ಬಂದಿತು. ಇಂದು ಗ್ರಾಮಸಭೆಗೆ ಇರುವ ಸಾಂವಿಧಾನಿಕ ಸ್ಥಾನ ಹೀಗೆ ಒಮ್ಮೆ ಸೋತು ಗೆದ್ದದ್ದು.

ತಿದ್ದುಪಡಿಯ ಎಲ್ಲೆ

ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೂ ಮಿತಿಯಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು 7-6ರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪಕ್ಕೆ ಧಕ್ಕೆ ತರುವ ತಿದ್ದುಪಡಿ ಊರ್ಜಿತವಲ್ಲ ಎಂದು ತೀರ್ಪು ನೀಡಿತು. ಎಷ್ಟೇ ದೊಡ್ಡ ಬಹುಮತವೂ ಈ ಎಲ್ಲೆಯನ್ನು ದಾಟಲಾಗದು.

ಠರಾವಿನಲ್ಲಿ ಇರಬೇಕಾದ ಅಂಶಗಳು

ಗ್ರಾಮಸಭೆಯ ಠರಾವಿಗೆ ತಿದ್ದುಪಡಿ ತರುವ ಬಲವಿಲ್ಲದಿದ್ದರೂ, ಜನರ ಅಗತ್ಯವನ್ನು ದಾಖಲಿಸುವ ಬಲವಿದೆ. ಅದು ಫಲ ಕೊಡಬೇಕಾದರೆ ಈ ಅಂಶಗಳನ್ನು ಒಳಗೊಂಡಿರುವುದು ಒಳಿತು:

1. ತೊಂದರೆಗೆ ಕಾರಣವಾದ ನಿಯಮ ಯಾವುದು. ಅದು ಸಂವಿಧಾನದ ಅನುಚ್ಛೇದವೋ, ಕೇಂದ್ರ ಕಾಯ್ದೆಯೋ, ರಾಜ್ಯ ಕಾಯ್ದೆಯೋ, ಸರ್ಕಾರಿ ಆದೇಶವೋ.

2. ಬಾಧಿತ ಕುಟುಂಬಗಳ ಸಂಖ್ಯೆ, ಸರ್ವೆ ನಂಬರು, ನೆಲೆಗೊಂಡ ವರ್ಷ ಮತ್ತು ಲಭ್ಯವಿರುವ ದಾಖಲೆಗಳು.

3. ಕೋರುವ ಬದಲಾವಣೆ ಒಂದೇ ವಾಕ್ಯದಲ್ಲಿ.

4. ಯಾರಿಗೆ ಕಳುಹಿಸಬೇಕು: ಅನುಮತಿಯ ಪ್ರಸ್ತಾವ ಮತ್ತು ರಾಜ್ಯ ಕಾಯ್ದೆಯ ವಿಷಯವಾದರೆ ರಾಜ್ಯ ಸರ್ಕಾರ ಹಾಗೂ ಶಾಸಕರಿಗೆ, ಕೇಂದ್ರ ಕಾಯ್ದೆ ಅಥವಾ ಸಂವಿಧಾನದ ವಿಷಯವಾದರೆ ಸಂಸದರಿಗೆ.

ಶರಾವತಿಯ ಹಿನ್ನೀರಿನ ದಂಡೆಯ ಬಹುಪಾಲು ಬೇಡಿಕೆಗಳಿಗೆ ಉತ್ತರ ದೊರೆಯಬೇಕಾದದ್ದು ಮೊದಲ ಎರಡು ದಾರಿಗಳಲ್ಲಿ. ಸಂವಿಧಾನ ತಿದ್ದುಪಡಿಯ ಕೋರಿಕೆಯನ್ನು ಮುಂದಿಡಲು ನಾಗರಿಕರಿಗೆ ಪೂರ್ಣ ಸ್ವಾತಂತ್ರ್ಯವಿದೆ. ಆದರೆ ಅದು ಈಗಲೇ ಆಗಬಹುದಾದ ಸರ್ವೆ, ಅರ್ಜಿ ಮತ್ತು ಪ್ರಸ್ತಾವಗಳನ್ನು ಮುಂದೂಡಲು ಕಾರಣವಾಗಬಾರದು.